ನೀರಿನ ನೆಲ ನೀರಿಗೆ



ದುಬಲಗುಂಡಿಯ ನಮ್ಮ ಹೊಲದ ಕೆಳಮೂಲೆಯಲ್ಲಿ ಹಿಂದೆ ಒಂದು ಕುಂಟೆಯಿದ್ದಿತು. ಮಳೆಗಾಲದಲ್ಲಿ ತುಂಬಿದ ನೀರು ಮಾಘಮಾಸದವರೆಗೂ ನಿಲ್ಲುತ್ತಿದ್ದಿತು. ದಂಡೆಯಲ್ಲಿ ಕೊಕ್ಕರೆಗಳು ತಪಸ್ಸಿಗೆ ನಿಂತಂತೆ ನಿಂತಿರುತ್ತಿದ್ದವು. ನಾನು ಮಠದಲ್ಲಿ ಅಧ್ಯಯನಕ್ಕಿದ್ದ ಕಾಲದಲ್ಲಿ ಮನೆಯವರು ಅದನ್ನು ಮಣ್ಣಿನಿಂದ ಮುಚ್ಚಿ ತೊಗರಿ ಬಿತ್ತಿದರು. ರಜೆಯಲ್ಲಿ ಊರಿಗೆ ಬಂದಿದ್ದ ನಾನೂ ಹತ್ತಾರು ಬುಟ್ಟಿ ಮಣ್ಣು ಹೊತ್ತು ಹಾಕಿದ್ದುಂಟು. ಅರ್ಧ ಎಕರೆ ಭೂಮಿ ಗಳಿಸಿದೆವೆಂದು ಎಲ್ಲರೂ ಹಿಗ್ಗಿದೆವು. ಕೆಲವೇ ವರ್ಷಗಳಲ್ಲಿ ಹೊಲದ ಬಾವಿಯ ನೀರು ಕೆಳಗಿಳಿಯಿತು. ಮಳೆ ಹೆಚ್ಚಾದ ವರ್ಷ ಆ ಮೂಲೆಯ ತೊಗರಿ ಇಂದಿಗೂ ಬೇರು ಕೊಳೆತು ಒಣಗುತ್ತದೆ. ನಾವು ಮರೆತರೂ ನೀರು ತನ್ನ ಸ್ಥಳವನ್ನು ಮರೆತಿಲ್ಲ.

ಕಳೆದ ಚಳಿಗಾಲದಲ್ಲಿ ಗದಗಿಗೆ ಹೋಗಿದ್ದಾಗ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ನೋಡುವ ಯೋಗ ಒದಗಿತು. ಒಕ್ಕಲುತನಕ್ಕೆ ಮಳೆಯ ನೀರನ್ನು ಹಿಡಿದಿಡಲು ಮನುಷ್ಯರೇ ಕಟ್ಟಿದ, ಸುಮಾರು 54 ಹೆಕ್ಟೇರ್ ವಿಸ್ತಾರದ ಕೆರೆಯದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಚಳಿಗಾಲ ಕಳೆಯುತ್ತವೆ. ಅವುಗಳ ಸಂಖ್ಯೆ ಸುಮಾರು 8,000 ಎಂದು ಲೆಕ್ಕವಿದೆ. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಕತ್ತಲಾಗುತ್ತಲೇ ಸಾಲುಸಾಲಾಗಿ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. 166 ಜಾತಿಯ ಪಕ್ಷಿಗಳಿಗೆ ಆಶ್ರಯವಾದ ಈ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿದೆ. ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಯದು. ಕೆರೆ ಸ್ಥಾವರ, ಹಕ್ಕಿ ಜಂಗಮ. ಎರಡೂ ಕೂಡಿದ ಆ ಸಂಜೆ ನನಗೆ ನಮ್ಮ ಕುಂಟೆಯ ನೆನಪು ಕಾಡಿತು.

ಮುಚ್ಚಿದ ನೀರನ್ನು ಮರಳಿ ಪಡೆಯಬಹುದೇ? ಇಸ್ರೇಲಿನ ಹುಲಾ ಕಣಿವೆ ಇದಕ್ಕೆ ಉತ್ತರ ಕೊಟ್ಟಿದೆ. 1951ರಿಂದ 1958ರವರೆಗೆ ಅಲ್ಲಿಯ ಸರೋವರವನ್ನೂ ಜೌಗನ್ನೂ ಬರಿದುಮಾಡಿ ಸಾಗುವಳಿ ಮಾಡಿದರು. ಒಣಗಿದ ಜೌಗುಮಣ್ಣು ಧೂಳಾಗಿ ಹಾರಿತು, ನೆಲ ಕುಸಿಯಿತು, ಒಳಗೊಳಗೇ ಬೆಂಕಿ ಹೊತ್ತಿತು. ಕೊನೆಗೆ 1994ರಲ್ಲಿ ಆ ಕಣಿವೆಯ ಒಂದು ಭಾಗಕ್ಕೆ ಮತ್ತೆ ನೀರು ತುಂಬಿಸಿದರು. ಇಂದು ಚಳಿಗಾಲದಲ್ಲಿ ಸಾವಿರಾರು ಕ್ರೌಂಚಪಕ್ಷಿಗಳು ಅಲ್ಲಿಗೆ ಬರುತ್ತವೆ. 1996ರಲ್ಲಿ ಅಳಿದುಹೋಯಿತೆಂದು ಘೋಷಿಸಿದ್ದ ಒಂದು ಜಾತಿಯ ಕಪ್ಪೆ ಅದೇ ಕಣಿವೆಯಲ್ಲಿ 2011ರಲ್ಲಿ ಮತ್ತೆ ಕಾಣಿಸಿಕೊಂಡಿತು.

ನಮಗೆ ಇದು ಹೊರಗಿನಿಂದ ಕಲಿಯಬೇಕಾದ ಪಾಠವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದರು. ಹುಮನಾಬಾದಿನಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೆ ಹೋದವರು ಅದನ್ನು ಇಂದಿಗೂ ನೋಡಬಹುದು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಪ್ರಭುಗಳು ಜರೆದುದು ಕೆರೆಯನ್ನಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು. ಕೆರೆ ಕಟ್ಟಿಸಿದವರಿಗೇ ಆ ‘ನಾನು’ ಸಲ್ಲದೆಂದ ಮೇಲೆ, ಕುಂಟೆ ಮುಚ್ಚಿ ಭೂಮಿ ಗಳಿಸಿದೆವೆಂದ ನಮಗೆ ಅದು ಹೇಗೆ ಸಂದೀತು? ಕೊಟ್ಟೆನೆಂಬ ಭಾವವಿಲ್ಲದೆ ಕೊಡುವುದು ದಾಸೋಹ. ನೀರಿನದನ್ನು ನೀರಿಗೆ ಒಪ್ಪಿಸುವುದರಲ್ಲಿ ಕೊಡುಗೆಯೆಂಬ ಮಾತೂ ಇಲ್ಲ. ಅದು ಸಾಲ ತೀರಿಸುವುದಷ್ಟೇ.

ಊರಿಗೆ ಮರಳಿ ಮನೆಯಲ್ಲಿ ಈ ಮಾತೆತ್ತಿದಾಗ ಅಣ್ಣ ಸುಮ್ಮನಿದ್ದರು. ಅವರ ಮಗ ಮಾತ್ರ, “ಕಾಕಾ, ಅರ್ಧ ಎಕರೆ ತೊಗರಿ ನಮಗೆ ಯಾರು ಕೊಡಬೇಕು?” ಎಂದು ಕೇಳಿದ. ಬೆವರು ಸುರಿಸಿ ದುಡಿಯುವವನು ಅವನು. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಪ್ರವಚನದಿಂದ ಅವನ ಹಗೇವು ತುಂಬುವುದಿಲ್ಲ. ಆದುದರಿಂದ ಪ್ರತಿವರ್ಷ ನನಗೆ ಬರುವ ಪಾಲಿನಿಂದ ಆ ಅರ್ಧ ಎಕರೆಯ ಫಸಲನ್ನು ಮುರಿದುಕೊಳ್ಳಲು ಹೇಳಿದೆ. ಬಹಳ ಹೊತ್ತು ಯೋಚಿಸಿ ಅವನು, “ಪಾಲು ಬ್ಯಾಡ, ಮಣ್ಣು ತೆಗೆಯೋ ಖರ್ಚು ನಿಮ್ಮದಿರಲಿ” ಎಂದ.

ಮುಂಗಾರಿಗೆ ಮೊದಲು ಮಣ್ಣು ತೆಗೆಸುವುದೆಂದು ನಿಶ್ಚಯವಾಗಿದೆ. ಮೊದಲ ಬುಟ್ಟಿಯನ್ನು ನಾನೇ ಹೊರಬೇಕೆಂದಿದ್ದೇನೆ; ಹಾಕಿದವರಲ್ಲಿ ನಾನೂ ಒಬ್ಬನಲ್ಲವೇ?