ಸೈಲೆನ್ಸರ್ ಕಿತ್ತರೆ ಹಾಟ್ ರಾಡ್ ಆಗುತ್ತದಾ?

ಸೈಲೆನ್ಸರ್ ಕಿತ್ತು, ಹಿಂದೆ ದೊಡ್ಡ ರೆಕ್ಕೆ ಸಿಕ್ಕಿಸಿ, ಸಂಜೆ ಹೊತ್ತು ಉಪ್ಪಳದ ಹೈವೇಯಲ್ಲಿ ಹಾರಿಸುವ ನಮ್ಮ ಹುಡುಗರು ಅದಕ್ಕೆ ಹಾಟ್ ರಾಡ್ ಅನ್ನುತ್ತಾರೆ. ಮಾರಾಯ್ರೆ, ಆ ಹೆಸರಿಗಾದರೂ ಸ್ವಲ್ಪ ಮರ್ಯಾದೆ ಕೊಡಿ.

1932ರಲ್ಲಿ ಫೋರ್ಡ್ ಅಗ್ಗದ ಕಾರಿಗೆ ವಿ8 ಎಂಜಿನ್ ಕೂರಿಸಿತು. 3.6 ಲೀಟರ್, ಬರೀ 65 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದ ಹುಡುಗರು ಅಂಥ ಹಳೇ ಗಾಡಿಗಳ ಮಡ್‌ಗಾರ್ಡ್, ಬಾನೆಟ್, ಬಂಪರ್ ಎಲ್ಲ ಬಿಚ್ಚಿ ಬಿಸಾಡಿದರು. ತೂಕ ಇಳಿದರೆ ಅದೇ ಎಂಜಿನ್ ಬೇಗ ಎಳೆಯುತ್ತದೆ, ಬ್ರೇಕ್ ಬೇಗ ಹಿಡಿಯುತ್ತದೆ. ನಾವು? ಇದ್ದ ತೂಕದ ಮೇಲೆ ಇನ್ನಷ್ಟು ಪ್ಲಾಸ್ಟಿಕ್. ತಕ್ಕಡಿ ನೋಡಿ ಬೆಳೆದ ಅಂಗಡಿಯವನ ಮಗ ನಾನು, ಹೊಟ್ಟೆ ಉರಿಯುತ್ತದೆ.

ಅವರೂ ಬೀದಿಯಲ್ಲಿ ಓಡಿಸಿದವರೇ, ಸುಳ್ಳು ಯಾಕೆ. ಆದರೆ 1937ರಲ್ಲಿ ಟೈಮಿಂಗ್ ಸಂಘ ಕಟ್ಟಿ, ಮುರಾಕ್‌ನ ಒಣಕೆರೆ ಬಯಲಲ್ಲಿ ಗಡಿಯಾರ ಇಟ್ಟು ಓಡಿಸಿದರು. ಇವತ್ತು ಅಮೆರಿಕದ ಸ್ಪೆಕ್ ಮಿಯಾಟಾ ಕ್ಲಾಸಿನಲ್ಲಿ ಎಲ್ಲರದ್ದೂ ಒಂದೇ ಮಾದರಿಯ ಸಣ್ಣ ಮಾಜ್ದಾ, ಎಲ್ಲರಿಗೂ ಒಂದೇ ನಿಯಮ. ಗೆಲ್ಲಲು ಕೈಚಳಕ ಬೇಕು, ಸದ್ದು ಸಾಲದು.

ಧೈರ್ಯ ಉಂಟಾ? ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗಿ, ಹೆಲ್ಮೆಟ್ ಹಾಕಿ, ಸ್ಟಾಪ್‌ವಾಚಿನ ಮುಂದೆ ಓಡಿಸಿ. ಶಾಲೆ ಮಕ್ಕಳು ರಸ್ತೆ ದಾಟುವಲ್ಲಿ ಬೇಡ.