ಹೇಂಟೆ ಕಾವಿಗೆ ಕುಳಿತ ಮೇಲೆ

ಮೇ ತಿಂಗಳ ಒಂದನೆಯ ದಿನ ಅಮೆರಿಕದ ವರ್ಮಾಂಟ್ ಹಾಗೂ ನ್ಯೂಯಾರ್ಕ್ ರಾಜ್ಯಗಳ ಗುಡ್ಡಗಾಡುಗಳಲ್ಲಿ ಕಾಡು ಟರ್ಕಿ ಕೋಳಿಯ ವಸಂತಕಾಲದ ಬೇಟೆ ಆರಂಭವಾಗುತ್ತದೆ. ಅದಕ್ಕೆ ವಾರಗಳ ಮೊದಲೇ ಬೇಟೆಗಾರರು ನಸುಕಿನಲ್ಲೆದ್ದು, ಕಾಡಿನಂಚಿನಲ್ಲಿ ಮೌನವಾಗಿ ನಿಂತು, ಯಾವ ದಿಣ್ಣೆಯ ಯಾವ ಮರದಿಂದ ಹುಂಜ ಕೂಗುತ್ತಿದೆಯೆಂದು ಕಿವಿಗೊಡುತ್ತಾರೆ. ಆಗ ಅವರ ಕೈಯಲ್ಲಿ ಬಂದೂಕಿರುವುದಿಲ್ಲ. ಈ ಕಾಯುವಿಕೆಯೇ ಬೇಟೆಗಿಂತ ರಮ್ಯವೆಂದು ಹೇಳುವವರು ಅವರಲ್ಲಿಯೇ ಬಹಳ ಮಂದಿ.

ಬೇಟೆಯನ್ನು ವಿರೋಧಿಸುತ್ತ ಬಂದ ನಮ್ಮ ಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆ ಎಂದು ಓದುಗರು ಹುಬ್ಬೇರಿಸಬಹುದು. ಬೇಟೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಬೇಟೆಯ ಬಾಗಿಲನ್ನು ಯಾವ ದಿನ ತೆರೆಯಬೇಕು ಎಂಬ ಒಂದು ಪ್ರಶ್ನೆಯ ಸುತ್ತ ಅಲ್ಲಿ ನಡೆದಿರುವ ಚರ್ಚೆ, ಒಂದು ಕೋಳಿಯನ್ನೂ ಕೊಲ್ಲದ ನಮಗೂ ಸಂಬಂಧಿಸಿದ್ದು.

ಮೊದಲು ಬೇಟೆಯ ರೀತಿಯನ್ನು ತಿಳಿಯೋಣ. ಬೇಟೆಗಾರನು ಎಲೆಬಣ್ಣದ ಉಡುಪು ತೊಟ್ಟು ಮರದ ಬೊಡ್ಡೆಗೆ ಬೆನ್ನು ಕೊಟ್ಟು ಕೂರುತ್ತಾನೆ. ಪುಟ್ಟ ಮರದ ಪೆಟ್ಟಿಗೆ, ಸ್ಲೇಟಿನ ಬಿಲ್ಲೆ, ಇಲ್ಲವೇ ಬಾಯೊಳಗಿನ ತೆಳುಪೊರೆಯಿಂದ ಹೇಂಟೆಯ ದನಿ ಹೊರಡಿಸುತ್ತಾನೆ. ನಿಸರ್ಗದಲ್ಲಿ ಹುಂಜ ಕೂಗಿದರೆ ಹೇಂಟೆ ಅದರ ಬಳಿಗೆ ಹೋಗುವುದು ರೂಢಿ. ಇಲ್ಲಿ ಹುಂಜವೇ ಬರಬೇಕು. ಆದುದರಿಂದ ಬರಿಗೈಯಲ್ಲಿ ಮರಳುವ ಬೆಳಗುಗಳೇ ಹೆಚ್ಚು. ಎದೆಯಿಂದ ಗಡ್ಡದಂತೆ ಗರಿಗೊಂಚಲು ಇಳಿಬಿದ್ದ ಹಕ್ಕಿಯನ್ನು ಮಾತ್ರ, ಅಂದರೆ ಬಹುಮಟ್ಟಿಗೆ ಹುಂಜವನ್ನು ಮಾತ್ರ, ಹೊಡೆಯಬಹುದು. ಆ ಎರಡು ರಾಜ್ಯಗಳಲ್ಲಿ ಮಧ್ಯಾಹ್ನವಾದೊಡನೆ ಬಂದೂಕು ಕೆಳಗಿಡಬೇಕು. ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬಾರದೆಂಬುದು ಅಲ್ಲಿನ ಎಚ್ಚರಿಕೆಯ ಮಾತು, ಏಕೆಂದರೆ ಮದವೇರಿದ ಹುಂಜದ ತಲೆಯ ಬಣ್ಣಗಳೂ ಅವೇ. ಅವೇ ಆ ದೇಶದ ಧ್ವಜದ ಬಣ್ಣಗಳೂ ಆಗಿರುವುದು ವಿನೋದದ ಸಂಗತಿ.

ಈ ಹಕ್ಕಿಯ ಹೆಸರಿನ ಗೊಂದಲವೂ ಸ್ವಾರಸ್ಯಕರವಾಗಿದೆ. ತುರ್ಕರು ಇದನ್ನು ‘ಹಿಂದಿ’ ಎನ್ನುತ್ತಾರೆ. ಡಚ್ಚರ ‘ಕಾಲ್ಕೂನ್’ ನಮ್ಮ ನೆರೆಯ ಕಲ್ಲಿಕೋಟೆಯಿಂದ ಹುಟ್ಟಿದ ಪದ. 1612ರಲ್ಲಿ ಗೋವೆಯಿಂದ ತಂದ ಒಂದು ಟರ್ಕಿಯನ್ನು ಕಂಡು ಬೆರಗಾದ ಜಹಾಂಗೀರನು ಅದರ ಚಿತ್ರವನ್ನು ಮನ್ಸೂರನಿಂದ ಬರೆಯಿಸಿದನು. ತವರಿನಲ್ಲಿ ಮಾತ್ರ ಅದರ ಗತಿ ಬೇರೆಯಾಯಿತು. ಕಾಡು ಕಡಿದು ಹೊಲ ಮಾಡಿದರು, ಮಾರುಕಟ್ಟೆಗೆಂದು ಮಿತಿಯಿಲ್ಲದೆ ಕೊಂದರು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1851ರ ವೇಳೆಗೆ ಕಾಡು ಟರ್ಕಿ ನಿರ್ನಾಮವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಪಲೇಚಿಯನ್ ಬೆಟ್ಟಗಳ ಚೆಸ್ಟ್‌ನಟ್ ಮರಗಳು ಶಿಲೀಂಧ್ರರೋಗಕ್ಕೆ ಬಲಿಯಾದಾಗ ಉಳಿದ ಹಕ್ಕಿಗಳ ಮುಖ್ಯ ಆಹಾರವೊಂದು ಇಲ್ಲವಾಯಿತು.

ಮರಳಿ ತರುವ ಮೊದಲ ಯತ್ನಗಳು ಸೋತವು. ಗೂಡುಗಳಲ್ಲಿ ಸಾಕಿದ ಹಕ್ಕಿಗಳನ್ನು ಸಾವಿರಗಟ್ಟಲೆ ಕಾಡಿಗೆ ಬಿಟ್ಟರೂ ಅವು ಉಳಿಯಲಿಲ್ಲ. ಶತ್ರುವನ್ನು ಗುರುತಿಸುವ ವಿದ್ಯೆಯನ್ನು ಅವುಗಳಿಗೆ ಕಾಡಿನ ತಾಯಿ ಕಲಿಸಿರಲಿಲ್ಲ. 1950ರ ದಶಕದಿಂದ ಹಾರುಬಲೆಯನ್ನು ಸಿಡಿಸಿ ನಿಜವಾದ ಕಾಡುಹಕ್ಕಿಗಳನ್ನೇ ಹಿಡಿದು ಸಾಗಿಸತೊಡಗಿದ ಮೇಲೆ ಚಿತ್ರ ಬದಲಾಯಿತು. 1972–73ರಲ್ಲಿ ನ್ಯೂಯಾರ್ಕಿನಿಂದ ತಂದ ಕೇವಲ 37 ಹಕ್ಕಿಗಳು ಮ್ಯಾಸಚೂಸೆಟ್ಸ್ ಬೆಟ್ಟಗಳನ್ನು ಮತ್ತೆ ತುಂಬಿದವು. ವಿಸ್ಕಾನ್ಸಿನ್ ರಾಜ್ಯವು ತನ್ನ ಗ್ರೌಸ್ ಹಕ್ಕಿಗಳನ್ನು ಮಿಸ್ಸೂರಿಗೆ ಕೊಟ್ಟು 1976ರಲ್ಲಿ ಟರ್ಕಿಗಳನ್ನು ಪಡೆಯಿತು. ಇದಕ್ಕೆಲ್ಲ ಹಣದ ಬಹುಪಾಲು ಬಂದದ್ದು ಬೇಟೆಯ ಪರವಾನಗಿಯಿಂದ ಮತ್ತು ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆಂದೇ ಮೀಸಲಿಟ್ಟ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಿಂದ. ಈ ಶತಮಾನದ ಆರಂಭಕ್ಕೆ ಟರ್ಕಿಗಳ ಸಂಖ್ಯೆ ಎಪ್ಪತ್ತು ಲಕ್ಷದ ಸಮೀಪಕ್ಕೆ ಬಂದಿತ್ತು.

ಕತೆ ಇಲ್ಲಿಗೇ ಮುಗಿದಿದ್ದರೆ ಬೇಟೆಯೇ ಸಂರಕ್ಷಣೆ ಎಂಬ ವಾದಕ್ಕೆ ಗೆಲುವು ದೊರಕುತ್ತಿತ್ತು. ಆದರೆ ಅನಂತರ ಆಗ್ನೇಯದ ಹಲವು ರಾಜ್ಯಗಳಲ್ಲಿ ಹೇಂಟೆಯೊಂದರ ಹಿಂದೆ ನಡೆಯುವ ಮರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗತೊಡಗಿದವು. ಕಾರಣಗಳು ಹಲವು: ಮೊಟ್ಟೆ ಕದಿಯುವ ರಕೂನ್‌ಗಳು, ಮರೆಯಾದ ಹುಲ್ಲು–ಪೊದೆಗಳು, ಮರಿಗಳನ್ನು ತೋಯಿಸಿ ಕೊಲ್ಲುವ ಮಳೆ. ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಚೇಂಬರ್ಲಿನ್ ಮುಂತಾದ ತಜ್ಞರು ಇನ್ನೊಂದನ್ನು ಸೇರಿಸಿದರು. ಹೇಂಟೆಗಳು ಕೂಡುವ ಮೊದಲೇ ಹಿಂಡಿನ ಹಿರಿಯ ಹುಂಜವನ್ನು ಕೊಂದರೆ ಇಡೀ ಸಂತಾನಕ್ರಮವೇ ಕದಡಬಹುದು ಎಂಬುದು ಅವರ ವಾದ. ಜಾರ್ಜಿಯಾ 2022ರಲ್ಲಿ ಬೇಟೆಯ ಆರಂಭವನ್ನು ಮುಂದೂಡಿ, ಒಬ್ಬನಿಗೆ ಮೂರರ ಬದಲು ಎರಡೇ ಹಕ್ಕಿಯೆಂದು ವಿಧಿಸಿತು. ಟೆನೆಸ್ಸಿ 2023ರಲ್ಲಿ ಎರಡು ವಾರ ಮುಂದೂಡಿತು. ಇದರಿಂದ ಗೂಡುಗಳ ಯಶಸ್ಸು ಹೆಚ್ಚಲಿಲ್ಲವೆಂದು ಟೆನೆಸ್ಸಿಯಲ್ಲಿಯೇ ನಡೆದ ಅಧ್ಯಯನವೊಂದು ಹೇಳಿರುವುದನ್ನೂ ಮರೆಮಾಚಬಾರದು.

ಹಾಗಿದ್ದರೂ ಹೇಂಟೆ ಕಾವಿಗೆ ಕುಳಿತ ಮೇಲೆಯೇ ಬಂದೂಕು ಹೊರಬರಬೇಕೆಂಬುದು ನಮ್ಮ ಅಭಿಪ್ರಾಯ. ಸುಮಾರು ಹನ್ನೆರಡು ಮೊಟ್ಟೆಯಿಟ್ಟು 28 ದಿನ ಕದಲದೆ ಕೂರುವ ಆ ಹಕ್ಕಿಗೆ ಇನ್ನು ಹುಂಜದ ಹಂಗಿಲ್ಲ. ಬೇಟೆಗಾರನಿಗೂ ಇದರಿಂದ ನಷ್ಟವಿಲ್ಲ. ಜೊತೆ ತಪ್ಪಿದ ಹುಂಜಗಳು ಆಗ ಮತ್ತೊಮ್ಮೆ ಗಟ್ಟಿಯಾಗಿ ಕೂಗುತ್ತವೆ. ಪುರಾವೆ ಪೂರ್ಣವಾಗಿಲ್ಲದಿರುವಾಗ ಸಂಶಯದ ಲಾಭ ಸಲ್ಲಬೇಕಾದದ್ದು ಹಕ್ಕಿಗೇ ಹೊರತು ಬೇಟೆಗಾರನ ಆತುರಕ್ಕಲ್ಲ.

ಇನ್ನು ನಮ್ಮ ಮಲೆಗಳ ಮಾತು. ಪರವಾನಗಿ ಕೊಟ್ಟು ಬೇಟೆಯಾಡಿಸಿದರೆ ಕಾಡಿಗೆ ಹಣ ಬರುತ್ತದೆಂಬ ಸಲಹೆ ಆಗಾಗ ಕೇಳಿಬರುತ್ತದೆ. ತುಂಡುತುಂಡಾದ ಕಾಡು, ಅದರ ಅಂಚಿಗೇ ಒತ್ತಿಕೊಂಡ ಊರುಗಳು ಇರುವ ಇಲ್ಲಿ ಅದು ಸಲ್ಲದು. ಆದರೆ 1972ರ ವನ್ಯಜೀವಿ ಕಾಯಿದೆಯಿಂದ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ಕುಳಿತುಬಿಟ್ಟೆವಲ್ಲ, ಅದು ಸರಿಯೇ? ನಮ್ಮ ಬೂದು ಕಾಡುಕೋಳಿಯನ್ನೇ ನೋಡಿ. ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣಗಳಿಗಾಗಿ ಇದರ ಕತ್ತಿನ ಗರಿಗಳು ಹಿಂದೆ ಕಡಲಾಚೆಗೆ ಹೋಗುತ್ತಿದ್ದವು. ಆ ಕಾಲ ಮುಗಿಯಿತು. ಉರುಳು ಮಾತ್ರ ಇನ್ನೂ ಇದೆ. ಉರುಳಿಗಿಂತ ಸದ್ದಿಲ್ಲದ ಇನ್ನೊಂದು ಹಾನಿಯಿದೆ. ಈ ಕೋಳಿ ಬಹುಮಟ್ಟಿಗೆ ಫೆಬ್ರುವರಿಯಿಂದ ಮೇವರೆಗೆ ನೆಲದ ಮೇಲೆ, ಪೊದೆಯ ಬುಡದ ದರಕಿನಲ್ಲಿ ಮೊಟ್ಟೆಯಿಟ್ಟು ಮೂರು ವಾರ ಕಾವು ಕೂರುತ್ತದೆ. ನಾವು ಸೊಪ್ಪಿನ ಬೆಟ್ಟದ ದರಕನ್ನು ತೋಟಕ್ಕೆ ಗುಡಿಸುವುದೂ, ಯಾರೋ ಎಸೆದ ಬೀಡಿಯಿಂದ ಬೆಟ್ಟಕ್ಕೆ ಬೆಂಕಿ ಬೀಳುವುದೂ ಅದೇ ಬೇಸಗೆಯಲ್ಲಿ. ಬಂದೂಕು ಮುಟ್ಟದ ಕೈಗಳೇ ಹೀಗೆ ಗೂಡನ್ನು ಬಯಲು ಮಾಡುತ್ತವೆ. ಅಲ್ಲಿಯ ಬೇಟೆಗಾರ ತಾನು ಕೊಲ್ಲುವ ಹಕ್ಕಿಯ ಲೆಕ್ಕವನ್ನಾದರೂ ಒಪ್ಪಿಸುತ್ತಾನೆ. ನಾವು ಗುಡಿಸಿದ ದರಕಿನೊಡನೆ ಎಷ್ಟು ಗೂಡುಗಳು ಹೋದುವೆಂದು ಬರೆದಿಟ್ಟವರಿಲ್ಲ.

ದರಕು ಬೇಡವೆಂದು ಅಡಿಕೆ ಬೆಳೆಗಾರನಿಗೆ ಹೇಳಲಾಗದು. ಈ ಲೇಖಕನ ಕೊಟ್ಟಿಗೆಯೂ ಅದರಿಂದಲೇ ನಡೆಯುತ್ತದೆ. ಗುಡಿಸುವ ಕೆಲಸವನ್ನು ಜನವರಿಯೊಳಗೆ ಮುಗಿಸಬಹುದೇ, ಆಗದಿದ್ದರೆ ಪೊದೆಗಳ ಸುತ್ತ ಒಂದೆರಡು ಮಾರು ಬಿಟ್ಟು ಗುಡಿಸಬಹುದೇ, ಕೂಗು ಕೇಳಿದ ಜಾಗಗಳನ್ನು ಶಾಲೆಯ ಮಕ್ಕಳಿಂದ ಗುರುತು ಮಾಡಿಸಬಹುದೇ ಎಂಬುದಷ್ಟೇ ಪ್ರಶ್ನೆ. ಮುಂದಿನ ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಲಿದ್ದೇವೆ. ನಿಮ್ಮ ಬೆಟ್ಟದಲ್ಲಿ ಹುಂಜ ಯಾವ ದಿನದಿಂದ ಕೂಗತೊಡಗಿತು, ದರಕು ಯಾವಾಗ ಗುಡಿಸಿದಿರಿ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ ಸಭೆಗೆ ಬರಿಗೈಯಲ್ಲಿ ಹೋಗುವುದು ತಪ್ಪುತ್ತದೆ.