ಗಣಿತ ಓದುವ ಅವಕಾಶ ಹೋಬಳಿಯ ಮಕ್ಕಳಿಗೂ ಸಿಗಲಿ: ಒಂದು ಮನವಿ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬಹುಮಹಡಿ ಕಟ್ಟಡ, ಬೆಂಗಳೂರು.

ಮೂಲಕ: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ (ಪದವಿ ಪೂರ್ವ), ಮಂಡ್ಯ ಜಿಲ್ಲೆ.

ಇವರಿಂದ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಓದುತ್ತಿರುವ ಮಕ್ಕಳ ಪೋಷಕರು.

ವಿಷಯ: ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಮಕ್ಕಳು ಪಿಯುಸಿಯಲ್ಲಿ ಗಣಿತ ವಿಷಯವನ್ನು ತಮ್ಮ ಇಚ್ಛೆಯಂತೆ ಆರಿಸಿಕೊಳ್ಳಲು ಅನುಕೂಲ ಕಲ್ಪಿಸಿಕೊಡುವಂತೆ ಕೋರಿ.

ಮಾನ್ಯರೇ,

ನಾವು ಕಬ್ಬು, ಭತ್ತ, ರೇಷ್ಮೆ ನಂಬಿ ಬದುಕುವವರು. ನಮ್ಮಲ್ಲಿ ಕೂಲಿ ಮಾಡುವವರೂ ಇದ್ದಾರೆ, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡು ಮಾಡುವವರೂ ಇದ್ದಾರೆ. ನಮ್ಮ ಮಕ್ಕಳಿಗೆ ಹತ್ತನೇ ತರಗತಿಯವರೆಗೆ ಗಣಿತ ಕಡ್ಡಾಯ. ಅಲ್ಲಿಂದ ಮುಂದೆ ಗಣಿತ ಬೇಕೋ ಬೇಡವೋ ಎಂಬುದು ಮಗುವಿನ ಇಷ್ಟ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ತೀರ್ಮಾನಿಸುವುದು ಮಗುವಲ್ಲ. ಹತ್ತಿರದ ಕಾಲೇಜಿನಲ್ಲಿ ಯಾವ ವಿಭಾಗ ಇದೆ, ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ದಾಖಲಾತಿಯ ದಿನ ಮೇಜಿನ ಆಚೆ ಕೂತವರು ಏನೆನ್ನುತ್ತಾರೆ, ಈ ಮೂರೇ ಅದನ್ನು ತೀರ್ಮಾನಿಸುತ್ತವೆ.

ನಮ್ಮಲ್ಲೊಬ್ಬರ ಮಗಳ ವಿಷಯವನ್ನು ತಮ್ಮ ಗಮನಕ್ಕೆ ತರುತ್ತೇವೆ. 2024-25ರ ಹಂಗಾಮಿನಲ್ಲಿ ಅವಳು ಹತ್ತನೇ ತರಗತಿಯಲ್ಲಿದ್ದಳು. ಆ ವರ್ಷ ಕಬ್ಬಿನ ಎಫ್‌ಆರ್‌ಪಿ (ಸರ್ಕಾರ ನಿಗದಿಪಡಿಸಿದ ನ್ಯಾಯಯುತ ಬೆಲೆ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ. ಇಳುವರಿ ಶೇ 0.1 ಕಡಿಮೆಯಾದಂತೆಲ್ಲ 3 ರೂಪಾಯಿ 32 ಪೈಸೆ ಕಡಿತ. ಅಪ್ಪ ತಂದ ಬಿಲ್ಲಿನ ಹಿಂಬದಿಯಲ್ಲೇ ಅವಳು 340, 336.68, 333.36 ಎಂದು ಒಂದರ ಕೆಳಗೊಂದು ಬರೆದು, "ಅಪ್ಪಾ, ಇದು ನಮ್ಮ ಪುಸ್ತಕದ ಸಮಾಂತರ ಶ್ರೇಢಿ ಕಣಪ್ಪಾ" ಅಂದಳಂತೆ. ಇಳುವರಿ 9.5ಕ್ಕೆ ಇಳಿದರೆ ಏಳೂವರೆ ಮೆಟ್ಟಿಲು, ಅಲ್ಲಿಗೆ 315 ರೂಪಾಯಿ 10 ಪೈಸೆ ಎಂದು ಲೆಕ್ಕ ಕಟ್ಟಿ ಕೊಟ್ಟಳು. ಆ ವರ್ಷ ಅದಕ್ಕಿಂತ ಕೆಳಗೆ ಬೆಲೆ ಇಳಿಸುವಂತಿಲ್ಲ ಎಂಬುದು ಸರ್ಕಾರದ ನಿಯಮವಾಗಿತ್ತು. ಆ ಅಂಕಿ ಅವಳಿಗೆ ಯಾರೂ ಹೇಳಿಕೊಡದೆ ಸರಿಯಾಗಿ ಬಂದಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತದಲ್ಲಿ ಬಂದದ್ದು 54. ಹತ್ತಿರದ ಪಿಯು ಕಾಲೇಜಿಗೆ ಅರ್ಜಿ ಹಿಡಿದು ಹೋದಾಗ ಕೇಳಿದ ಮಾತು: "ಲೆಕ್ಕ ಯಾಕವ್ವಾ ನಿಂಗೆ? ಆರ್ಟ್ಸ್ ತಕೋ, ಸಲೀಸಾಗಿ ಪಾಸಾಯ್ತೀಯ." ಆ ಕಾಲೇಜಿನಲ್ಲಿ ವಿಜ್ಞಾನ ವಿಭಾಗವೂ ಇರಲಿಲ್ಲ, ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸೂ ಇರಲಿಲ್ಲ. ಮಂಡ್ಯಕ್ಕೆ ಕಳಿಸೋಣವೆಂದರೆ, ಅವಳ ತಾಲ್ಲೂಕಾದ ಮಳವಳ್ಳಿಗೆ ರೈಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ, ಅದಕ್ಕೆ ನಾವು ಋಣಿಗಳು. ಆದರೆ ಕತ್ತಲಾದ ಮೇಲೆ ತಾಲ್ಲೂಕು ಕೇಂದ್ರದಿಂದ ಊರಿಗೆ ಬರುವ ಬಸ್ಸು ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಅವಳು ಈಗ ಕಲಾ ವಿಭಾಗದಲ್ಲಿದ್ದಾಳೆ. ಕಲಾ ವಿಭಾಗವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವಳು ಅದನ್ನು ಆರಿಸಿಕೊಂಡಿರಲಿಲ್ಲ ಎಂಬುದಷ್ಟೇ ನಮ್ಮ ಸಂಕಟ.

ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಎಷ್ಟು ತಡವಾಗಿ ತಲುಪುತ್ತದೆಂದು ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ಪ್ರತಿ ಅಧಿಕಾರಿಗೂ ಗೊತ್ತು. ಗಣಿತದ ಪಾಠಕ್ಕೂ ಅದೇ ಗತಿಯಾಗಿದೆ. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು 1962ರಲ್ಲೇ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ರೈತರ ಮಕ್ಕಳ ಓದಿಗಾಗಿ ದುಡಿದವರು ಅವರು. ಸಿಇಟಿ ಬರೆದು ಆ ಕಾಲೇಜಿನ ಮೆಟ್ಟಿಲು ಹತ್ತಬೇಕಾದರೆ ಪಿಯುಸಿಯಲ್ಲಿ ಗಣಿತ ಓದಿರಲೇಬೇಕು. ಅದೇ ಜಿಲ್ಲೆಯ ಹೋಬಳಿಯೊಂದರಲ್ಲಿ ಗಣಿತದ ತರಗತಿಯೇ ಇಲ್ಲವೆಂದರೆ ಆ ಮಗುವಿಗೆ ಸಿಇಟಿ ಎಂಬುದು ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಒಂದು. ಮೂರೂ ತಾಲ್ಲೂಕುಗಳ ಪ್ರತಿ ಹೋಬಳಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಸರ್ಕಾರಿ ಪಿಯು ಕಾಲೇಜು ಕನಿಷ್ಠ ಒಂದಾದರೂ ಇರಬೇಕು. ಹಲಗೂರು, ಕಿರುಗಾವಲು, ಕೊಪ್ಪ, ಆತಗೂರು, ಬಸರಾಳು, ದುದ್ದ, ಯಾವ ಹೋಬಳಿಯೂ ಇದರಿಂದ ಹೊರಗುಳಿಯಬಾರದು. ಈಗಾಗಲೇ ಇರುವ ಕಡೆ ಉಪನ್ಯಾಸಕರನ್ನು ಕೊಡಿ, ಇಲ್ಲದ ಕಡೆ ವಿಭಾಗ ತೆರೆಯಿರಿ. ಅತಿಥಿ ಉಪನ್ಯಾಸಕರನ್ನು ತರಗತಿ ಶುರುವಾಗುವ ಮುನ್ನವೇ ನೇಮಿಸಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಮೇಷ್ಟ್ರು ಅರ್ಧ ಪುಸ್ತಕ ಓಡಿಸಿ ಮುಗಿಸುತ್ತಾರೆ, ಮಕ್ಕಳಿಗೆ ಹತ್ತುವುದಿಲ್ಲ.

ಎರಡು. ಸರ್ಕಾರಿ ಕಾಲೇಜುಗಳ ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಕಡ್ಡಾಯವಾಗಿ ಲಭ್ಯವಿರಬೇಕು. ಅದನ್ನು ಓದಿದರೆ ಎಂಜಿನಿಯರಿಂಗ್ ಸಿಗುವುದಿಲ್ಲ ಎಂಬುದು ನಮಗೆ ಗೊತ್ತು. ಆದರೆ ಬಿ.ಕಾಂ., ಬಿಸಿಎ, ಬ್ಯಾಂಕ್ ಪರೀಕ್ಷೆ ಎಂದು ಹೊರಡುವ ಮಕ್ಕಳಿಗೆ ಅದೇ ಆಧಾರ. ಹತ್ತು ಮಕ್ಕಳೂ ಸೇರಲಿಲ್ಲ ಎಂದು ವಿಷಯವನ್ನೇ ಕೈಬಿಡುವುದು ಬೇಡ. ಅಕ್ಕಪಕ್ಕದ ಎರಡು ಕಾಲೇಜಿಗೆ ಒಬ್ಬ ಉಪನ್ಯಾಸಕರು ದಿನ ಹಂಚಿಕೊಂಡು ಪಾಠ ಮಾಡಬಹುದು.

ಮೂರು. ಇದರ ಇನ್ನೊಂದು ಮುಖವನ್ನೂ ತಾವು ನೋಡಬೇಕು. ಬಿ.ಎಸ್ಸಿ. ನರ್ಸಿಂಗ್ ಓದಬೇಕೆನ್ನುವ ಹುಡುಗಿಗೆ ಜೀವಶಾಸ್ತ್ರ ಬೇಕು, ಪಿಯುಸಿಯ ಗಣಿತ ಬೇಕಿಲ್ಲ. ನೀಟ್ ಪರೀಕ್ಷೆಯಲ್ಲೂ ಗಣಿತವಿಲ್ಲ. ಆದರೆ ನಮ್ಮ ಕಡೆ ವಿಜ್ಞಾನವೆಂದರೆ ಬಹುತೇಕ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಒಂದೇ. ಗಣಿತಕ್ಕೆ ಹೆದರಿದ ಮಗು ವಿಜ್ಞಾನವನ್ನೇ ಬಿಟ್ಟು ಹೋಗುತ್ತದೆ. ಗಣಿತದ ಜಾಗದಲ್ಲಿ ಬೇರೆ ವಿಷಯ ತೆಗೆದುಕೊಳ್ಳುವ ಅವಕಾಶವನ್ನು ಸರ್ಕಾರಿ ಕಾಲೇಜುಗಳಲ್ಲೂ ಕೊಡಿ.

ನಾಲ್ಕು. ಯಾವ ಓದಿಗೆ ಯಾವ ವಿಷಯ ಬೇಕು ಎಂಬುದನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಮುದ್ರಿಸಿ, ಒಂಬತ್ತನೇ ತರಗತಿಯಲ್ಲೇ ಪೋಷಕರ ಸಭೆ ಕರೆದು ಓದಿ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಇದು ತಿಳಿಯುವುದು ಫಲಿತಾಂಶ ಬಂದ ವಾರದಲ್ಲಿ. ಗಣಿತದಲ್ಲಿ ಅಂಕ ಕಡಿಮೆ ಎಂಬ ಕಾರಣಕ್ಕೆ, ಸೀಟು ಖಾಲಿ ಇದ್ದರೂ, ಯಾವ ಮಗುವನ್ನೂ ಬೇರೆ ವಿಭಾಗಕ್ಕೆ ತಳ್ಳಬಾರದೆಂದು ಪ್ರಾಂಶುಪಾಲರಿಗೆ ಲಿಖಿತ ಸೂಚನೆ ಹೋಗಬೇಕು.

ಐದು. ಕನ್ನಡ ಮಾಧ್ಯಮದ ಮಕ್ಕಳಿಗೆ ಪಿಯುಸಿಯ ಮೊದಲ ಎರಡು ತಿಂಗಳು ಸೇತುಬಂಧ ತರಗತಿ ಬೇಕು. ಹತ್ತು ವರ್ಷ "ವಿಕರ್ಣ", "ಸಂಭವನೀಯತೆ", "ಬಹುಪದೋಕ್ತಿ" ಎಂದು ಕಲಿತ ಮಗು ಜೂನ್ ತಿಂಗಳಲ್ಲಿ "ಹೈಪಾಟಿನ್ಯೂಸ್", "ಪ್ರಾಬಬಿಲಿಟಿ", "ಪಾಲಿನಾಮಿಯಲ್" ಕೇಳಿ ಕಂಗಾಲಾಗುತ್ತದೆ. ಗೊತ್ತಿರುವ ಪಾಠವೇ ಗೊತ್ತಿಲ್ಲದಂತಾಗಿ, ತನಗೆ ಲೆಕ್ಕ ಬರುವುದಿಲ್ಲ ಎಂದು ನಂಬಿಬಿಡುತ್ತದೆ. 12ನೇ ಶತಮಾನದಲ್ಲೇ ರಾಜಾದಿತ್ಯ "ವ್ಯವಹಾರಗಣಿತ"ವನ್ನು ಬರೆದ ಭಾಷೆ ನಮ್ಮದು. ಎರಡೂ ಭಾಷೆಯ ಪದಗಳನ್ನು ಜೊತೆಗಿಟ್ಟ ಒಂದು ಚಿಕ್ಕ ಪುಸ್ತಕವನ್ನು ಪ್ರತಿ ಮಗುವಿನ ಕೈಗೆ ಕೊಡುವುದು ಇಲಾಖೆಗೆ ಭಾರವಾಗದು.

ಆರು. ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಪಿಸಿಎಂ ಶಿಕ್ಷಕರ ಹುದ್ದೆಗಳನ್ನು ಮೊದಲು ತುಂಬಿ. ಆ ಹುದ್ದೆ ಖಾಲಿಯಾದ ಶಾಲೆಯಲ್ಲಿ ಜೀವಶಾಸ್ತ್ರದ ಶಿಕ್ಷಕರು ತ್ರಿಕೋನಮಿತಿ ಹೇಳಿಕೊಡಬೇಕಾಗುತ್ತದೆ. ಅವರನ್ನು ದೂರುವುದು ನ್ಯಾಯವಲ್ಲ, ಎಂಟನೇ ತರಗತಿಯಿಂದ ಗಣಿತದ ಮೇಷ್ಟ್ರನ್ನೇ ಕಾಣದ ಮಗುವಿನ ಅಂಕವನ್ನು ಮಾತ್ರ ದೂರುವುದೂ ನ್ಯಾಯವಲ್ಲ.

ಕೊನೆಯದಾಗಿ, ಗಣಿತವನ್ನು ಸುಲಭ ಮತ್ತು ಕಠಿಣ ಎಂದು ಎರಡು ಮಟ್ಟವಾಗಿ ಮಾಡುವ ವಿಚಾರ ಆಗಾಗ ಕೇಳಿಬರುತ್ತದೆ. ಸಿಬಿಎಸ್ಇ 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಸ್ಟ್ಯಾಂಡರ್ಡ್, ಬೇಸಿಕ್ ಎಂಬ ಎರಡು ಬಗೆಯ ಪ್ರಶ್ನೆಪತ್ರಿಕೆ ತಂದಿತು. ಬೇಸಿಕ್ ತೆಗೆದುಕೊಂಡವರು ಮುಂದೆ ಗಣಿತ ಓದಲು ಸ್ಟ್ಯಾಂಡರ್ಡ್ ಪರೀಕ್ಷೆ ಪಾಸು ಮಾಡಬೇಕೆಂಬ ನಿಯಮದೊಂದಿಗೇ ಅದು ಜಾರಿಗೆ ಬಂತು. ನಮ್ಮ ರಾಜ್ಯದಲ್ಲಿ ಹಾಗೆ ಮಾಡಿದರೆ ಫಲಿತಾಂಶ ಏರಿಸುವ ಒತ್ತಡದಲ್ಲಿರುವ ಹಳ್ಳಿ ಶಾಲೆಗಳು ತರಗತಿಗೆ ತರಗತಿಯನ್ನೇ ಸುಲಭದ ಪತ್ರಿಕೆಗೆ ಕೂರಿಸುತ್ತವೆ ಎಂಬ ಭಯ ನಮ್ಮದು. ಅಂಥ ಪದ್ಧತಿ ಬೇಡ. ತರಲೇಬೇಕೆಂದರೆ, 2024ರಿಂದ ಇರುವ ಎಸ್ಸೆಸ್ಸೆಲ್ಸಿ ಪರೀಕ್ಷೆ-2ರಲ್ಲಿ ಅದೇ ವರ್ಷ ಮೇಲಿನ ಪತ್ರಿಕೆ ಬರೆದು ಪಿಯುಸಿ ಗಣಿತಕ್ಕೆ ಸೇರುವ ದಾರಿ ಇಟ್ಟೇ ತನ್ನಿ.

ಗಣಿತ ಕಬ್ಬಿಣದ ಕಡಲೆ ಎಂಬ ಮಾತನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕೇಳಿದ್ದಾರೆ. ಅದನ್ನು ಅಗಿದು ನೋಡುವ ಅವಕಾಶವನ್ನಾದರೂ ಕೊಡಿ ಎಂಬುದು ನಮ್ಮ ಬೇಡಿಕೆ. ಮುಂದಿನ ಪಿಯುಸಿ ದಾಖಲಾತಿ ಶುರುವಾಗುವ ಮುನ್ನ ತಾವು ಮಂಡ್ಯದಲ್ಲಿ ಪೋಷಕರು, ಶಿಕ್ಷಕರು ಮತ್ತು ಉಪನ್ಯಾಸಕರ ಸಭೆಯೊಂದನ್ನು ಕರೆಯಬೇಕು, ಈ ಬೇಡಿಕೆಗಳ ಮೇಲೆ ಲಿಖಿತ ಉತ್ತರ ನೀಡಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಮೇಲೆ ಹೇಳಿದ ಹುಡುಗಿಯ ತಮ್ಮ ಈಗ ಒಂಬತ್ತನೇ ತರಗತಿಯಲ್ಲಿದ್ದಾನೆ.



ಇಂತಿ ತಮ್ಮ ವಿಶ್ವಾಸಿಗಳು,
ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪೋಷಕರು

ಸ್ಥಳ: ಮಂಡ್ಯ